ಹಳದಿ ಬಸ್ಸು ಯಾವ ಊರಿನದು

ಕ್ಯಾಂಟನ್, ಮಿಶಿಗನ್

ಚಂದ್ರಮೌಳಿ ಅಂಕಲ್‌ಗೆ ವಿಭಾಳ ನಮಸ್ಕಾರ.

ಫೋನಿನಲ್ಲಿ ಹೇಳೋಣವೆಂದರೆ ಅಪ್ಪ ಸದಾ ಪಕ್ಕದಲ್ಲೇ ಇರುತ್ತಾರೆ. ಅದಕ್ಕೇ ಸ್ಕೋಕಿಯ ನಿಮ್ಮ ಮನೆಗೆ ಈ ಕಾಗದ.

ಬೆಳಿಗ್ಗೆ ನನ್ನ ಮಗಳು ಧೃತಿಯನ್ನು ಸ್ಕೂಲ್ ಬಸ್ಸು ಹತ್ತಿಸುವ ಕೆಲಸ ಅಪ್ಪನದು. ಈ ವಾರವಿಡೀ ಹತ್ತಲು ಬಿಟ್ಟಿಲ್ಲ. "ಇದು ನಮ್ಮೂರಿನ ಬಸ್ಸಲ್ಲ ಮರಿ, ನಮ್ದು ನೀಲಿ," ಎಂದು ಅವಳ ಕೈ ಹಿಡಿದು ನಿಲ್ಲಿಸುತ್ತಾರೆ. ಅವಳು, "ತಾತ, ಆಲ್ ಸ್ಕೂಲ್ ಬಸಸ್ ಆರ್ ಯೆಲ್ಲೋ," ಅನ್ನುತ್ತಾಳೆ. ಅಷ್ಟರಲ್ಲಿ ಬಸ್ಸು ಹೊರಟುಹೋಗಿರುತ್ತದೆ.

ನೀವೂ ಅಪ್ಪನೂ ಇಂಗ್ಲೆಂಡಿನ ಬ್ರ್ಯಾಡ್‌ಫರ್ಡ್‌ನಲ್ಲಿ ಕಂಡಕ್ಟರ್ ಆಗಿದ್ದಾಗ ಬಸ್ಸುಗಳಿಗೆ ಊರಿಗೊಂದು ಬಣ್ಣವಿತ್ತಂತೆ. ನಿಮ್ಮದು ನೀಲಿ, ಲೀಡ್ಸ್‌ನದು ಹಸಿರು. ಹಾಗಾದರೆ ಹಳದಿ ಯಾವ ಊರಿನದು ಎಂದು ದಿನಾ ನನ್ನನ್ನೇ ಕೇಳುತ್ತಾರೆ. ನನಗೇನು ಗೊತ್ತು ಅಂಕಲ್? ಆಮೇಲೆ ಎಲ್ಲ ಊರಿನ ಬಸ್ಸುಗಳನ್ನೂ ಒಟ್ಟು ಸೇರಿಸಿ ಒಂದೇ ಬಣ್ಣ ಬಳಿದರೆಂದು ಅಪ್ಪನೇ ಹಿಂದೆ ಹೇಳುತ್ತಿದ್ದರು. ಈಗ ಅದನ್ನು ನಾನು ಹೇಳಿದರೆ, "ನಿಂಗೆ ಯಾರೋ ಸುಳ್ಳು ಹೇಳಿದಾರೆ," ಅನ್ನುತ್ತಾರೆ.

ನೀವೊಮ್ಮೆ ಫೋನ್ ಮಾಡಿ, ಹಳದಿ ಬಸ್ಸಿನವರೂ ಈಗ ನಮ್ಮ ಜೊತೆ ಸೇರಿದ್ದಾರೆ ಎಂದು ಹೇಳುತ್ತೀರಾ? ನಿಮ್ಮ ಮಾತನ್ನು ನಂಬುತ್ತಾರೆ. ನೀಲಿ ಹೋಯಿತು ಎಂದು ಮಾತ್ರ ಹೇಳಬೇಡಿ.

ನಿಮ್ಮ ಹೆಸರಿಗಿಂತ ಮೊದಲು ಊರು ಹೇಳಿ. ನಿನ್ನೆ ನಾನು, "ಅಪ್ಪ, ನಾನು ವಿಭಾ," ಎಂದಾಗ ಬಹಳ ಮರ್ಯಾದೆಯಿಂದ, "ಯಾವ ಊರಿನವ್ರಮ್ಮ ನೀವು?" ಎಂದು ಕೇಳಿದರು.

ಬ್ರ್ಯಾಡ್‌ಫರ್ಡ್ ಎಂದೆ. ಸರಿದು ಪಕ್ಕದಲ್ಲಿ ಜಾಗ ಕೊಟ್ಟರು.

ಇಂತಿ,
ವಿಭಾ