ಬಾಡಿಗೆ ಕೈಯ ಅರ್ಜಿ

ಭವಾನಿ ಪೇಠ, ಪುಣೆ
೧೧ ಫೆಬ್ರುವರಿ ೧೯೪೩, ಗುರುವಾರ

ನನ್ನ ಪ್ರೀತಿಯ ತಮ್ಮ ಈರಣ್ಣನಿಗೆ, ಅಕ್ಕ ಚನ್ನಬಸವ್ವ ತಲೆಯ ಮೇಲೆ ಕೈಯಿಟ್ಟು ಬರೆಯುವುದು.

ಈ ಪತ್ರವನ್ನು ಅಂಚೆಗೆ ಹಾಕುತ್ತಿಲ್ಲ. ನಮ್ಮ ವಾಡೆಯಲ್ಲೇ ಬಾಡಿಗೆಗಿರುವ ರುದ್ರವ್ವ ಮಗಳ ಬಾಣಂತನಕ್ಕೆಂದು ಸೊಲ್ಲಾಪುರಕ್ಕೆ ಹೊರಟಿದ್ದಾಳೆ. ಅವಳ ಕೈಯಲ್ಲಿ ಕೊಡುತ್ತೇನೆ. ದೀಪಾವಳಿಗೆ ಬಂದು ಹೋಗುವಾಗ ನೀನು ಹೇಳಿದ್ದ ಮನೆಗೆ ಅವಳು ಮುಟ್ಟಿಸುತ್ತಾಳೆ. ಓದಿದ ಮೇಲೆ ಒಲೆಗೆ ಹಾಕು.

ನಮ್ಮ ಮನೆಯವರನ್ನು, ನಿನ್ನ ಮಾವನವರನ್ನು, ಸೋಮವಾರ ಪೊಲೀಸರು ಕೆಲಸದ ಜಾಗದಿಂದಲೇ ಕರೆದುಕೊಂಡು ಹೋದರು. ಇನ್ನೂ ಬಿಟ್ಟಿಲ್ಲ. ಯಾಕೆ ಎಂದು ಒಂದೇ ಸಾಲಿನಲ್ಲಿ ಹೇಳಲು ನನಗೆ ಬರುವುದಿಲ್ಲ. ಮೊದಲಿನಿಂದ ಹೇಳುತ್ತೇನೆ, ತಾಳ್ಮೆಯಿಂದ ಓದು.

ಬಾಗಲಕೋಟೆಯ ಅರಳೆ ಅಂಗಡಿ ಯುದ್ಧದಿಂದ ಮುಚ್ಚಿ ನಾವು ಇಲ್ಲಿಗೆ ಬಂದದ್ದು ನಿನಗೆ ಗೊತ್ತು. ಹೋದ ಬೇಸಿಗೆಯಲ್ಲಿ ದೇಹೂ ರೋಡಿನ ಕಡೆ ಸೈನ್ಯದ ಉಗ್ರಾಣಕ್ಕೆ ಕಾರಕೂನರು ಬೇಕಾಗಿದ್ದಾರೆ, ಕಬ್ಬಿಣ-ಯಂತ್ರದ ಸಾಮಾನು ಬಲ್ಲವರಿಗೆ ಮೊದಲು ಕೊಡುತ್ತಾರೆ ಎಂಬ ಸುದ್ದಿ ಬಂತು. ನಿನ್ನ ಮಾವ ಎರಡು ದಿನ ಕೂತು ತಮ್ಮ ಅರ್ಜಿಯನ್ನು ತಾವೇ ಬರೆದರು. ಇಂಗ್ಲೀಷಿನಲ್ಲಿ ಬರೆದು ನನಗೆ ಕನ್ನಡದಲ್ಲಿ ಓದಿ ಹೇಳಿದರು. ಅರಳೆ ಅಂಗಡಿಯಲ್ಲಿ ತೂಕ ಬರೆಯುತ್ತಿದ್ದೆ, ತೂಕದ ವಿಷಯದಲ್ಲಿ ರೈತರಾಗಲಿ ಸಾವಕಾರರಾಗಲಿ ನನ್ನ ಮೇಲೆ ಮಾತು ತಂದಿಲ್ಲ, ಯಂತ್ರದ ಕೆಲಸ ಗೊತ್ತಿಲ್ಲ, ಹೇಳಿಕೊಟ್ಟರೆ ಕಲಿಯುತ್ತೇನೆ. ಅಷ್ಟೇ ಇತ್ತು. ಕೇಳಿದಾಗ ನನಗೆ ಅಳು ಬಂತು, ಸಿಟ್ಟೂ ಬಂತು. ಇಷ್ಟು ವರ್ಷ ದುಡಿದವರ ಬದುಕು ಬಸ್ಸಿನ ಚೀಟಿಯಷ್ಟೇ ಆಯಿತಲ್ಲ ಅನ್ನಿಸಿತು.

ಕಚೇರಿಯ ಎದುರಿನ ಕಟ್ಟೆಯ ಮೇಲೆ ಟೈಪಿನ ಯಂತ್ರ ಇಟ್ಟುಕೊಂಡು ಕೂಡುವ ಮಾರ್ತಾಂಡರಾಯನೆಂಬ ಅರ್ಜಿ ಬರೆಯುವವನಿದ್ದಾನೆ. ಅವನು ಬರೆದ ಅರ್ಜಿ ತಿರುಗಿ ಬರುವುದಿಲ್ಲ ಎಂದು ಪೇಠೆಯಲ್ಲೆಲ್ಲ ಹೆಸರು. ಧಾರವಾಡದಲ್ಲಿ ಓದಿದವನಾದ್ದರಿಂದ ಕನ್ನಡ ಚೆನ್ನಾಗಿ ಬರುತ್ತದೆ. ಅವನ ಹತ್ತಿರ ಹೋಗೋಣ ಎಂದವಳು ನಾನು. ನಿನ್ನ ಮಾವ ಒಲ್ಲೆ ಎಂದರು. ನಾನು ಬಿಡಲಿಲ್ಲ.

ಮಾರ್ತಾಂಡರಾಯ ಇವರ ಕಾಗದವನ್ನು ಓದಿ, ನಗದೆ, ಬಹಳ ಮರ್ಯಾದೆಯಿಂದ ಮಡಚಿ ತಿರುಗಿ ಕೊಟ್ಟ.

“ಸಿದ್ದಲಿಂಗಪ್ಪನವರ, ಇದು ಅರ್ಜಿ ಅಲ್ರಿ. ದೇವರ ಮುಂದ ನಿಂತು ತಪ್ಪು ಒಪ್ಕೊಂಡಂಗ ಅದ” ಎಂದ.

ಆಮೇಲೆ ಒಂದೊಂದಾಗಿ ಕೇಳತೊಡಗಿದ. ಗಿರಣಿ ಕಂಡಿದ್ದೀರಾ, ಲೋಹದ ಅಂಗಡಿಯಲ್ಲಿ ಇದ್ದಿರಾ, ಹೋಗಲಿ, ನಿಮ್ಮ ಮನೆತನದಲ್ಲಿ ಯಾರಾದರೂ ಯಂತ್ರದ ಕೆಲಸ ಮಾಡಿದವರು ಇದ್ದಾರೆಯೇ? ನಿನ್ನ ಮಾವ ಹೆಮ್ಮೆಯಿಂದಲೇ ನಿನ್ನ ಹೆಸರು ಹೇಳಿದರು. ಹೆಂಡತಿಯ ತಮ್ಮ ರೈಲ್ವೆ ಕಾರ್ಖಾನೆಯಲ್ಲಿದ್ದಾನೆ ಎಂದರು. ಮಾರ್ತಾಂಡರಾಯ ಕಾಗದವನ್ನು ಯಂತ್ರಕ್ಕೆ ಏರಿಸಿದ. ಆ ಕೆಲಸದ ವಿವರ ಹೇಳಿರಿ ಎಂದ. ಅವರಿಗೆ ಏನು ಗೊತ್ತು? ಗೊತ್ತಿದ್ದವಳು ನಾನು. ನೀನು ಬರೆದ ಪತ್ರಗಳು ನನಗೆ ಬಾಯಿಪಾಠ. ಯಾವ ಶೆಡ್ಡು, ಯಾವ ಸಾಹೇಬ, ಹಳಿ ಜೋಡಿಸುವ ಪಟ್ಟಿಗಳು ಎಲ್ಲಿ ಇರುತ್ತವೆ, ಯಾವ ಪಾನಾದಿಂದ ಅವುಗಳ ತಿರುಪು ಬಿಚ್ಚುತ್ತಾರೆ, ಎಲ್ಲವನ್ನೂ ನಾನು ಹೇಳುತ್ತ ಹೋದೆ, ಅವನು ಬಡಿಯುತ್ತ ಹೋದ. ಪುಟ ಹೊರಗೆ ಬರುವಷ್ಟರಲ್ಲಿ ನಿನ್ನ ಮೂರು ವರ್ಷ ಅವರ ಮೂರು ವರ್ಷ ಆಗಿತ್ತು. ಅದಕ್ಕೆ ಹೊಂದುವ ಒಂದು ಪ್ರಮಾಣಪತ್ರವನ್ನೂ ಅವನೇ ಎಲ್ಲಿಂದಲೋ ತಂದು ಜೋಡಿಸಿದ.

ಮನೆಗೆ ಬರುವ ದಾರಿಯಲ್ಲಿ ನಿನ್ನ ಮಾವ, “ಅದರಾಗ ನಂದು ಅಂತ ಇರೋದು ಹೆಸರೊಂದ ನೋಡು” ಎಂದರು.

ಕೆಲಸವೇನೋ ಸಿಕ್ಕಿತು. ಮೊದಲು ಎಲ್ಲ ಚೆನ್ನಾಗಿಯೇ ಇತ್ತು. ರೈಲ್ವೆಯವರು ಎಂದು ಸಾಹೇಬ ಇವರಿಗೆ ತುಸು ಹೆಚ್ಚು ಬೆಲೆ ಕೊಡುತ್ತಿದ್ದ. ಇವರು ಮಾತ್ರ ಯಾರಾದರೂ ಪಾನಾ ಎತ್ತಿಕೊಟ್ಟರೆ ಎಲ್ಲಿ ಗುಟ್ಟು ಬಯಲಾಗುವುದೋ ಎಂದು ಅಂಜುತ್ತಿದ್ದರು.

ಆಮೇಲೆ ಆಗಸ್ಟಿನ ಗದ್ದಲ ಶುರುವಾಯಿತು. ತಂತಿ ಕಡಿದರು, ಅಂಚೆಮನೆ ಸುಟ್ಟರು. ಸೆಪ್ಟೆಂಬರದಲ್ಲಿ ನಿನ್ನ ಕಾರ್ಖಾನೆಯ ಊರಿನ ಹತ್ತಿರ ಹಳಿಯ ಪಟ್ಟಿ ಬಿಚ್ಚಿ ಸಾಮಾನಿನ ಗಾಡಿ ಉರುಳಿಸಿದರಂತೆ, ಇಂಜಿನ್ನಿಗೆ ಕಲ್ಲಿದ್ದಲು ಹಾಕುವ ಆಳೊಬ್ಬ ಸತ್ತನಂತೆ ಎಂದು ಪೇಪರಿನಲ್ಲಿ ಬಂತು. ಓದಿ, ಅಯ್ಯೋ ಪಾಪ ಎಂದು ಮರೆತೆ. ದೀಪಾವಳಿಗೆ ನೀನು ಬಂದೆ. ಮೀಸೆ ತೆಗೆದಿದ್ದೆ. ಕೈಯಲ್ಲಿ ಗಂಟಿಲ್ಲ. ರಜೆ ಸಿಕ್ಕಿತು ಎಂದೆ. ಹಗಲೆಲ್ಲ ಒಳಗಿನ ಕೋಣೆಯಲ್ಲೇ ಇದ್ದೆ, ಬಾಗಿಲು ಯಾರು ಬಡಿದರೂ ಊಟ ಬಿಟ್ಟು ಏಳುತ್ತಿದ್ದೆ. ನಾನು ಏನೂ ಕೇಳಲಿಲ್ಲ. ಈಗಲೂ ಕೇಳುವುದಿಲ್ಲ, ಈರಣ್ಣ. ನೀನೂ ಹೇಳಬೇಡ.

ಸಂಕ್ರಾಂತಿ ಆದ ಮೇಲೆ ಒಂದು ದಿನ ಇವರ ಜೊತೆ ಕೆಲಸ ಮಾಡುವ ಪ್ರಲ್ಹಾದ ಎಂಬ ಮರಾಠಿ ಹುಡುಗ ಇವರನ್ನು ಪಕ್ಕಕ್ಕೆ ಕರೆದು ಹೇಳಿದನಂತೆ. ಆ ಪಟ್ಟಿ ಬಿಚ್ಚಿದ ಪಾನಾ ಸಿಕ್ಕಿದೆ, ಅದು ನಿನ್ನ ಶೆಡ್ಡಿನದು. ಆ ಶೆಡ್ಡಿನಲ್ಲಿ ಇದ್ದವರು, ಬಿಟ್ಟು ಹೋದವರು ಎಲ್ಲರ ಹೆಸರೂ ಪೊಲೀಸರು ತೆಗೆಯುತ್ತಿದ್ದಾರೆ, ನಿಮ್ಮ ಕಾಗದವನ್ನೂ ಸಾಹೇಬನ ಕೋಣೆಗೆ ತರಿಸಿದ್ದಾರೆ ಎಂದ. ಮರುದಿನದಿಂದ ಫೌಜದಾರ ಇವರನ್ನು ಕರೆಯತೊಡಗಿದ. ಒಂದು ದಿನ ಒಂದೇ ಪ್ರಶ್ನೆ. ಕೇಳಿ, ಚಹಾ ಕೊಟ್ಟು, ಕಳಿಸುತ್ತಿದ್ದ. ಸಿದ್ದಲಿಂಗಪ್ಪ, ನಿನ್ನ ಪಕ್ಕ ಯಾರು ನಿಲ್ಲುತ್ತಿದ್ದರು? ಶೆಡ್ಡಿನ ಬೀಗದ ಕೈ ಯಾರ ಹತ್ತಿರ? ಗಾಡಿ ಉರುಳಿದ ವಾರ ನೀನು ರಜೆಯಲ್ಲಿದ್ದೆಯಲ್ಲ, ಎಲ್ಲಿಗೆ ಹೋಗಿದ್ದೆ? ಇವರು ಹೋಗಿದ್ದದ್ದು ನಮ್ಮ ಅತ್ತೆಯ ವರ್ಷಾಂತಿಕಕ್ಕೆ. ಅದನ್ನು ಅವನು ಬರೆದುಕೊಂಡನಂತೆ, ನಂಬಿದ್ದೇನೆ ಎನ್ನಲಿಲ್ಲವಂತೆ.

ಮನೆಗೆ ಬಂದು ನಿನ್ನ ಮಾವ ನಿನ್ನ ಹಳೆಯ ಪತ್ರಗಳನ್ನು ತೆಗೆಸಿ ಓದುತ್ತಿದ್ದರು. ಸಾಲೆಯ ಹುಡುಗರು ಪರೀಕ್ಷೆಗೆ ಓದುವ ಹಾಗೆ, ತುಟಿ ಆಡಿಸುತ್ತ. ತಮ್ಮದೇ ಬದುಕನ್ನು ಕಲಿಯುತ್ತಿದ್ದರು. ನಾಳೆ ಏನು ಕೇಳುತ್ತಾನೋ ಎಂದು ನನ್ನಿಂದ ಪ್ರಶ್ನೆ ಕೇಳಿಸಿಕೊಂಡು ಉತ್ತರ ಹೇಳುತ್ತಿದ್ದರು. ಒಂದು ಸಂಜೆ ನಾನು ತಡೆಯಲಾರದೆ, ನಿಜ ಹೇಳಿಬಿಡಿರಿ, ಅರ್ಜಿ ಸುಳ್ಳು ಎನ್ನಿರಿ, ಸುಳ್ಳು ಅರ್ಜಿಗೆ ಏನು ಶಿಕ್ಷೆಯೋ ಅದಾಗಲಿ ಎಂದೆ. ಅವರು ನನ್ನ ಮುಖ ನೋಡಿದರು.

“ಇದು ನಂದಲ್ಲ ಅಂದ್ರ, ಹಂಗಾರ ಯಾರದು ಅಂತ ಕೇಳತಾನ ಚನ್ನವ್ವ. ಅದಕ್ಕೇನು ಹೇಳ್ಲಿ?”

ಆಗಲೇ ನನಗೆ ಎಲ್ಲ ಒಟ್ಟಿಗೆ ತಿಳಿದದ್ದು. ನಿನ್ನ ಮೀಸೆ, ಆ ಕೋಣೆ, ಎಲ್ಲ. ಅವರಿಗೆ ದೀಪಾವಳಿಯಂದೇ ತಿಳಿದಿತ್ತು. ನಿನ್ನ ಪತ್ರಗಳನ್ನು ಅಂದೇ ಒಲೆಗೆ ಹಾಕಿದೆ.

ಸೋಮವಾರ ಅವರು ಮನೆಗೆ ಬರಲಿಲ್ಲ, ಪ್ರಲ್ಹಾದ ಬಂದ. ಅಂಗಳದಲ್ಲೇ ನಿಂತು ಹೇಳಿ, ಹಿಂದೆ ಮುಂದೆ ನೋಡಿಕೊಂಡು ಹೋದ. ಮಂಗಳವಾರ ನಾನು ಮಾರ್ತಾಂಡರಾಯನ ಹತ್ತಿರ ಹೋದೆ. ಈ ವಿವರಗಳೆಲ್ಲ ನೀವೇ ಕಟ್ಟಿದ್ದು ಎಂದು ಒಂದು ಮಾತು ಹೇಳಿದರೆ ಸಾಕು, ಯಾರ ಹೆಸರೂ ಬರುವುದಿಲ್ಲ ಎಂದು ಕೈಮುಗಿದೆ. ಅವನು ಇನ್ನೊಬ್ಬರ ಅರ್ಜಿ ಬಡಿಯುತ್ತಿದ್ದ. ಬೆರಳು ನಿಲ್ಲಿಸಲಿಲ್ಲ.

“ನಂದು ಕೈ ಅಷ್ಟ ತಾಯಿ. ಯಾರು ಸಹಿ ಮಾಡಿದ್ರೋ ಅವರ ಬರದಂಗ.”

ನಿನ್ನೆ ಹೋದರೆ ಕಟ್ಟೆ ಖಾಲಿ. ಯಂತ್ರವೂ ಇಲ್ಲ, ಅವನೂ ಇಲ್ಲ. ಪಕ್ಕದ ಎಲೆ ಮಾರುವವಳು, ಪೊಲೀಸರು ಬಂದಿದ್ದರು ಎಂದಳು. ಹಿಡಿದುಕೊಂಡು ಹೋದರೋ, ಇವನೇ ಅವರ ಜೊತೆ ಮಾತಾಡಿಕೊಂಡು ಹೋದನೋ ಅವಳಿಗೆ ಹೇಳಲಾಗಲಿಲ್ಲ.

ಇವತ್ತು ಬೆಳಗ್ಗೆ ನನಗೇ ಕರೆ ಬಂತು. ಮಹಾತ್ಮರು ನಿನ್ನೆಯಿಂದ ಆಗಾಖಾನರ ಬಂಗಲೆಯಲ್ಲಿ ಉಪವಾಸ ಕೂತಿದ್ದಾರೆ, ಊರ ತುಂಬ ಲಾಠಿಯವರು. ಅವರ ನಡುವೆ ತಲೆ ತಗ್ಗಿಸಿ ನಡೆದು ಚೌಕಿಗೆ ಹೋದೆ. ಫೌಜದಾರ ವಯಸ್ಸಾದವನು, ಮೆದು ದನಿ. ಕುರ್ಚಿ ಕೊಡಿಸಿದ. ಮರಾಠಿಯಲ್ಲಿ ನನ್ನ ಊರು, ತವರು ಕೇಳಿದ. ನಾನು ಊರ ಹೆಸರು ಹೇಳಿದೆ, ತವರಿನಲ್ಲಿ ಯಾರೂ ಉಳಿದಿಲ್ಲ ಎಂದೆ. ಆಮೇಲೆ ಇವರನ್ನು ಕರೆಸಿದ. ಅಂಗಿ ಸ್ವಚ್ಛವಾಗಿಯೇ ಇತ್ತು. ಬಲಗೈಯನ್ನು ಧೋತರದ ಮಡಿಕೆಯೊಳಗೆ ಇಟ್ಟುಕೊಂಡಿದ್ದರು, ನಾನಿರುವ ತನಕ ಹೊರಗೆ ತೆಗೆಯಲಿಲ್ಲ.

ನಿನ್ನ ಗಂಡ ಆ ಕಾರ್ಖಾನೆಯಲ್ಲಿ ಕೆಲಸ ಮಾಡಿದ್ದು ನಿಜವೇ ಎಂದು ಫೌಜದಾರ ಕೇಳಿದ. ಎಲ್ಲವನ್ನೂ ಹೇಳಿಬಿಡಬೇಕೆಂದೇ ನಾನು ಮನೆಯಿಂದ ಹೊರಟಿದ್ದೆ. ನನ್ನ ತಮ್ಮನೇ ಆಗಲಿ, ಗಂಡನನ್ನು ಉಳಿಸಿಕೊಳ್ಳುತ್ತೇನೆ ಎಂದುಕೊಂಡಿದ್ದೆ. ಸುಳ್ಳು ಬರೆಯುವುದಿಲ್ಲ. ಬಾಯಿ ತೆರೆದೂ ಇದ್ದೆ. ಅಷ್ಟರಲ್ಲಿ ಇವರು ನೆಲ ನೋಡುತ್ತ, ಫೌಜದಾರನಿಗೆ ತಿಳಿಯದಿರಲೆಂದು ಕನ್ನಡದಲ್ಲಿ ಹೇಳಿದರು:

“ಅರ್ಜ್ಯಾಗಿಂದೆಲ್ಲಾ ನಂದ ಅಂತ ಹೇಳೇನಿ. ನೀನೂ ಹಂಗ ಹೇಳು.”

ನಾನು ಹೌದು ಎಂದೆ. ನನ್ನ ಗಂಡ ಮೂರು ವರ್ಷ ಆ ಶೆಡ್ಡಿನಲ್ಲಿ ಇದ್ದರು ಎಂದೆ. ಫೌಜದಾರ ತಲೆಯಾಡಿಸಿದ. ಮುಂದಿನ ವಾರ ಬೇರೆ ಊರಿಗೆ ಒಯ್ಯುತ್ತಾರಂತೆ. ಯಾವ ಊರು ಎಂದು ಹೇಳಲಿಲ್ಲ.

ನೀನು ಬಂದು ಒಪ್ಪಿಕೋ ಎಂದು ಬರೆಯಲು ಕೂತಿದ್ದೆ, ಈರಣ್ಣ. ಆದರೆ ತೂಕದಲ್ಲಿ ಒಂದು ಕಾಳು ಸುಳ್ಳು ಬರೆಯದ ಮನುಷ್ಯ ಇಷ್ಟು ದೊಡ್ಡ ಸುಳ್ಳನ್ನು ಹೊತ್ತು ನಿಂತಿರುವಾಗ, ನಾನು ಅದನ್ನು ಅವರ ಹೆಗಲಿಂದ ಕಿತ್ತುಕೊಳ್ಳಲಾರೆ. ಬರಬೇಡ. ಉತ್ತರವನ್ನೂ ಬರೆಯಬೇಡ. ಎಲ್ಲಿದ್ದರೂ ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ ಒಳ್ಳೆಯದನ್ನೇ ಬೇಡುವ,
ಅಕ್ಕ
ಚನ್ನಬಸವ್ವ

ತಾ.ಕ.: ನೀನು ಹೆದರಬಾರದೆಂದು ಮೇಲೆ ಒಂದು ಮಾತು ಬಿಟ್ಟಿದ್ದೆ. ಬಿಡುವ ಹಾಗಿಲ್ಲ. ನಿನ್ನ ಮಾವ ಅಷ್ಟಕ್ಕೇ ನಿಲ್ಲಲಿಲ್ಲ. “ಆ ಹುಡುಗನಾರ ಉಳೀಲಿ” ಎಂದರು. ಅಲ್ಲಿಯ ತನಕ ಮರಾಠಿ ಬಿಟ್ಟು ಬೇರೆ ಮಾತಾಡದ ಫೌಜದಾರ ತಲೆ ಎತ್ತಿ, ಅಪ್ಪಟ ಬೆಳಗಾವಿ ಕಡೆಯ ಕನ್ನಡದಲ್ಲಿ, “ಯಾವ ಹುಡುಗ ರೀ ತಾಯಿ?” ಎಂದು ನನ್ನನ್ನು ಕೇಳಿದ. ನನ್ನ ಮಗ ಎಂದೆ. ಅವನು ನಕ್ಕು ಬರೆದುಕೊಂಡ. ಈ ಪತ್ರ ಕೈಗೆ ಬಂದ ಕೂಡಲೇ ಆ ಮನೆ ಬಿಡು. ನಮಗೆ ಮಕ್ಕಳಿಲ್ಲವೆಂದು ಈ ವಾಡೆಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ.