ಜವರಿಯ ಅರ

1934 ಜನವರಿ 9, ಮಂಗಳವಾರ. ಬೆಳಿಗ್ಗೆ

ಇವತ್ತೂ ಹರಳೆಣ್ಣೆ ಬಿಸಿ ಮಾಡಿ ಕುದುರೆಮರಿಯ ಕಾಲಿಗೆ ತಿಕ್ಕಿದೆ. ಮುಂಗಾಲು, ಎಡದ್ದು. ಹುಟ್ಟಿ ಐದು ವಾರವಾಯಿತು. ಗೊರಸಿನ ಮೂತಿ ಒಳಕ್ಕೇ ತಿರುಗಿದೆ. ನಡೆದರೆ ಹೊರಗಿನ ಅಂಚು ಮಾತ್ರ ನೆಲಕ್ಕೆ. ಅದು ಸವೆಯುತ್ತಿದೆ, ಒಳಗಿನದು ಬೆಳೆಯುತ್ತಿದೆ. ಒದ್ದಿತು. ಬಿತ್ತು. ಬೈದೆ. ತಾಯಿ ಕೆಂಚಿ ನನ್ನನ್ನೇ ನೋಡುತ್ತಿತ್ತು.

ಕೆಂಚಿಗೆ ವಯಸ್ಸಾಯಿತು, ಇನ್ನು ಮರಿ ಹಾಕುವುದಿಲ್ಲ. ಅಪ್ಪನ ಕಾಲದಲ್ಲಿ ಹನ್ನೆರಡು ತಟ್ಟು ಕುದುರೆ. ಅವುಗಳ ಬೆನ್ನ ಮೇಲೆ ಹಸುಬೆ ಚೀಲ ಹೇರಿಕೊಂಡು ಘಟ್ಟ ಇಳಿದು ಉಪ್ಪು ತರುತ್ತಿದ್ದೆವು. ಈಗ ಲಾರಿ. ಉಳಿದದ್ದು ಇವೆರಡೇ. ಮರಿ ನೆಟ್ಟಗೆ ನಿಂತರೆ ನಾನಿರುವ ತನಕ ಕೊಟ್ಟಿಗೆಯಲ್ಲಿ ಹೇರು ಹೊರುವ ಒಂದು ತಟ್ಟು ಇರುತ್ತದೆ. ಬೇರೆ ಆಸೆ ಇಲ್ಲ.

ಹುಲ್ಲು ತರುವ ಸಣ್ಣಿ ನಿಂತು ನೋಡಿದಳು. "ಅಯ್ಯಾ, ಇದು ಎಣ್ಣೆಗೆಲ್ಲಾ ಬಗ್ಗಾಕಿಲ್ಲ. ಒಳಗಡೆ ಅಂಚ್ನ ಒಸಿ ಅರ ಹಾಕಿ ಇಳಿಸ್ಬೇಕು. ಹದಿನೈದು ದಿನಕ್ಕೊಂದ್ಸಲ. ದೊರೆ ತೋಟದಾಗೆ ನಮ್ಮ ಜವರಿ ಹಂಗೇ ಮಾಡ್ತಿದ್ದ."

ಜವರಿ ಅವಳ ಗಂಡ. ಎಸ್ಟೇಟಿನ ಕುದುರೆ ನೋಡಿಕೊಳ್ಳುತ್ತಿದ್ದ. ಹೋದ ವರ್ಷ ಚಳಿಜ್ವರದಲ್ಲಿ ತೀರಿಕೊಂಡ.

"ಹುಲ್ಲು ಹಾಕೋಕೆ ಬಂದೋಳು ಹುಲ್ಲು ಹಾಕಿ ಹೋಗು" ಅಂದೆ.

ಹಾಲುಹಲ್ಲು ಬೀಳುವ ತನಕ ಮರಿಯ ಗೊರಸಿಗೆ ಕಬ್ಬಿಣ ಮುಟ್ಟಿಸಬಾರದು. ಹೇರಿನವರ ಕಟ್ಟಳೆ. ಅಪ್ಪ ಮುಟ್ಟಿಸಲಿಲ್ಲ, ಅವರಪ್ಪನೂ ಮುಟ್ಟಿಸಲಿಲ್ಲ. ಮೂರನೇ ಕ್ಲಾಸಿಗೆ ಸ್ಕೂಲು ಬಿಟ್ಟು ಕಲಿತ ವಿದ್ಯೆ ಇದು. ಇವಳು ಹೇಳಿಕೊಡುತ್ತಾಳಂತೆ!

ಜನವರಿ 27, ಶನಿವಾರ. ಸಂಜೆ

ಕಾಲು ತಿರುಗುತ್ತಿದೆ! ನೆಟ್ಟಗಾಗುತ್ತಿದೆ. ಮೊನ್ನೆಯಿಂದ ಗೊರಸು ಪೂರ್ತಿ ನೆಲಕ್ಕೆ ಊರುತ್ತಿದೆ. ಇವತ್ತು ಕೆಂಚಿಯ ಸುತ್ತ ಓಡಿತು — ಓಡಿತು, ಕುಂಟಲಿಲ್ಲ.

ಶನಿವಾರಸಂತೆಯಲ್ಲಿ ಎಲ್ಲರಿಗೂ ಹೇಳಿದೆ. ಹರಳೆಣ್ಣೆ, ಈ ಕೈ, ಬೇರೇನೂ ಇಲ್ಲ ಅಂತ. ಕಾಫಿ ತೋಟದ ಉತ್ತಯ್ಯ ಬೆನ್ನು ತಟ್ಟಿ, "ಸಿದ್ದಬಸಪ್ಪ, ನೀನೇ ಕುದುರೆ ಡಾಕ್ಟ್ರು ಮಾರಾಯ" ಅಂದ. ಎದೆ ಉಬ್ಬಿತು. ಸುಳ್ಳೇಕೆ.

ಮನೆಗೆ ಬಂದು ರುದ್ರಮ್ಮನಿಗೆ ಹೇಳಿದರೆ, "ಅಷ್ಟು ಗುಣ ಇರೋ ಎಣ್ಣೆನ ನಿಮ್ ನಾಲ್ಗೆಗೂ ಒಸಿ ತಿಕ್ಕಳಿ, ನೆಟ್ಟಗಾದಾತು" ಅಂದು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಹೆಂಡತಿಗೆ ಯಾವತ್ತೂ ನನ್ನ ಕೆಲಸ ಕಂಡರೆ ನಗು.

ಫೆಬ್ರವರಿ 4, ಭಾನುವಾರ

ಸ್ನಾನಕ್ಕೆ ಕೆರೆಗೆ ಹೊರಟವನು ನಸ್ಯದ ಡಬ್ಬಿ ಮರೆತು ತಿರುಗಿ ಬಂದೆ. ಕೊಟ್ಟಿಗೆಯಲ್ಲಿ ಕರಕರ ಸದ್ದು. ಸಣ್ಣಿ ಮರಿಯ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಅರ ಹಾಕುತ್ತಿದ್ದಾಳೆ. ಮರಿ ಕಿವಿ ಅಲ್ಲಾಡಿಸುತ್ತ ಸುಮ್ಮನೆ ನಿಂತಿದೆ. ನನ್ನನ್ನು ಒದೆಯುವ ಮರಿ.

ಇದು ಮೂರನೇ ಸಲವಂತೆ. ಗುರುತು ಕಾಣದ ಹಾಗೆ ಸಗಣಿ ಸವರುತ್ತಿದ್ದಳಂತೆ. ರುದ್ರಮ್ಮನಿಗೂ ಗೊತ್ತು.

ಅರ ಕಿತ್ತುಕೊಂಡು ಕೆಳಗಿನ ಗದ್ದೆಯ ಕೆಸರಿಗೆ ಬೀಸಿದೆ.

"ಅಯ್ಯಾ, ಕಾಲು ನೋಡ್ರಯ್ಯಾ, ನನ್ನ ನೋಡ್ಬ್ಯಾಡಿ" ಅಂದಳು. "ಇನ್ನ ಮೂರ್ನಾಕು ಸಲ ಅಷ್ಟೆ."

"ಈ ಬಾಗಿಲು ತುಳಿದ್ರೆ ನೋಡು" ಅಂದೆ. ಹೋದಳು. ಕೆಸರಿನ ಕಡೆ ಒಮ್ಮೆ ತಿರುಗಿ ನೋಡಿದಳು.

ಫೆಬ್ರವರಿ 5

ಸಣ್ಣಿ ಎಸ್ಟೇಟಿನ ಕೂಲಿ ಲೈನಿಗೆ ಹೋಗಿಬಿಟ್ಟಳಂತೆ, ಕಾಫಿ ಹಣ್ಣು ಕೊಯ್ಯುವ ಕೆಲಸಕ್ಕೆ. ಹೋಗಲಿ. ಎಣ್ಣೆ ತಿಕ್ಕಿದೆ.

ಫೆಬ್ರವರಿ 26, ಸೋಮವಾರ

ಗೊರಸು ಮತ್ತೆ ಒಳಕ್ಕೆ. ಒಳ ಅಂಚು ಎತ್ತರವಾಗಿದೆ. ಕಣ್ಣಿಗೆ ಕಾಣುತ್ತಿದೆ. ಬೆರಳಿಗೂ ಸಿಗುತ್ತಿದೆ.

ರುದ್ರಮ್ಮ: "ಕರ್ಕಂಡು ಬರ್ಲಾ ಅವಳ್ನ?"

ಬೇಡ ಅಂದೆ. ಸಂತೆಯಲ್ಲಿ ಆಡಿದ ಮಾತು ನೆನಪಾಯಿತು. ಅದಕ್ಕೇ ಬೇಡ ಅಂದದ್ದು. ಕಟ್ಟಳೆಯೂ ಇಲ್ಲ, ಏನೂ ಇಲ್ಲ. ಇಲ್ಲಿ ಬರೆಯಬಹುದು. ಯಾರು ಓದುತ್ತಾರೆ.

ಮಾರ್ಚ್ 28, ಬುಧವಾರ

ಒಂದು ತಿಂಗಳು ಬರೆಯಲಿಲ್ಲ. ಬರೆಯುವಂಥದ್ದೇನು? ಮರಿ ಕುಂಟಿತು. ಎಣ್ಣೆ ತಿಕ್ಕಿದೆ. ಕುಂಟಿತು.

ಇವತ್ತು ದನದ ಡಾಕ್ಟರು ಸೋಮವಾರಪೇಟೆಗೆ ಬಂದಿದ್ದರು. ಮರಿಯನ್ನು ಗಾಡಿಯಲ್ಲಿ ಹಾಕಿಕೊಂಡು ಹೋದೆ. ಚಿಕ್ಕ ವಯಸ್ಸಿನವರು. ಗೊರಸು ತಿರುಗಿಸಿ ನೋಡಿ ಕೇಳಿದರು, "ಯಜಮಾನ್ರೇ, ಮೊದ್ಲು ಯಾರೋ ಚೆನ್ನಾಗಿ ಟ್ರಿಮ್ ಮಾಡಿದ್ದಾರಲ್ಲ. ಯಾಕೆ ನಿಲ್ಸಿದ್ರಿ?"

ನಾನು ಮರಿಯ ಹಗ್ಗ ಬಿಗಿ ಮಾಡಿದೆ. ಅವರೇ ಮುಂದುವರಿಸಿದರು:

"ಎರಡು ತಿಂಗಳ ಮರಿಗೆ ಮೂಳೆ ಎಳಸು, ಹೇಳಿದ ಹಾಗೆ ಕೇಳುತ್ತೆ. ಈಗ ನಾಲ್ಕು ತಿಂಗಳಾಯ್ತು. ಕೂತುಬಿಟ್ಟಿದೆ. ಹೇರು ಹೊರೋ ಕಾಲಲ್ಲ ಇದು. ಅರ ಹಾಕಿಸ್ತಾ ಇದ್ರೆ ನೋವಾದರೂ ಕಮ್ಮಿ ಇರುತ್ತೆ."

ಬರುವಾಗ ಗಾಡಿಯಲ್ಲಿ ಮರಿ ನನ್ನ ಅಂಗಿ ತೋಳು ಚೀಪುತ್ತಿತ್ತು.

ಮಾರ್ಚ್ 29

ರುದ್ರಮ್ಮ ಇವತ್ತು ಹೇಳಿದಳು. ಅದು ಜವರಿಯ ಅರ. ಅವನು ಸತ್ತ ಮೇಲೆ ಅವನದು ಅಂತ ಸಣ್ಣಿಯ ಹತ್ತಿರ ಉಳಿದದ್ದು ಅದೊಂದೇ.

"ಮೊದ್ಲೇ ಯಾಕೆ ಹೇಳ್ಲಿಲ್ಲ ನೀನು?"

"ನೀವು ಯಾವತ್ತು ಕೇಳಿಸ್ಕಂಡ್ರಿ?"

ಏಪ್ರಿಲ್ 2, ಸೋಮವಾರ

ನಾಲ್ಕು ದಿನ ಗದ್ದೆ ಕೆದಕಿದೆ. ಮಣ್ಣು ಒಣಗಿ ಕಲ್ಲಾಗಿದೆ. ಗುದ್ದಲಿ ತಾಗಿದರೆ ಮುರಿದೀತು ಅಂತ ಕೈಯಲ್ಲೇ. ದಾರಿಹೋಕರು "ಏನು ನಿಧಿಯಾ?" ಅಂದರು. ಬೈಯಲಿಲ್ಲ. ಇವತ್ತು ಸಿಕ್ಕಿತು. ಮರದ ಹಿಡಿಯನ್ನು ಹುಳ ತಿಂದಿದೆ, ಅರ ತುಕ್ಕು. ಹರಳೆಣ್ಣೆ ಹಾಕಿ ಇಟ್ಟಿದ್ದೇನೆ. ಆ ಎಣ್ಣೆ ಇದಕ್ಕಾದರೂ ಬಂತು.

ಏಪ್ರಿಲ್ 4, ಬುಧವಾರ

ಲೈನಿಗೆ ಹೋದೆ. ಸಣ್ಣಿ ಬಾಗಿಲಲ್ಲಿ ಸೊಪ್ಪು ಬಿಡಿಸುತ್ತಿದ್ದಳು. ಎದ್ದು ನಿಂತಳು. ಅರವನ್ನು ಬಟ್ಟೆಯಿಂದ ಬಿಚ್ಚಿ ಕೊಟ್ಟೆ. ಸೆರಗಿನಲ್ಲಿ ಒರೆಸಿದಳು. ಹೆಬ್ಬೆರಳಿನಲ್ಲಿ ಹಲ್ಲು ಮುಟ್ಟಿ ಮುಟ್ಟಿ ನೋಡಿದಳು. ಆಮೇಲೆ,

"ಮರಿ ಮಲಗ್ತದಾ, ನಿಂತೇ ಇರ್ತದಾ?"

"ಮಲಗೋದೇ ಜಾಸ್ತಿ."

"ನಾಳೆ ಬತ್ತೀನಿ."

ಏಪ್ರಿಲ್ 5, ಗುರುವಾರ. ಮಧ್ಯಾಹ್ನ

ಬಂದಳು. ಮರಿ ಗುರುತು ಹಿಡಿಯಿತು. ಕುಂಟಿಕೊಂಡೇ ಹೋಗಿ ಅವಳ ಬುಟ್ಟಿಗೆ ಮೂತಿ ಹಾಕಿತು. "ಅಯ್ಯೋ ನನ್ ಮಗನೆ" ಅಂದಳು, ಅಷ್ಟೇ. ನನಗೇನೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ನೆಲದಲ್ಲಿ ಕೂತು ಕಾಲು ನಾನು ಹಿಡಿದೆ. ಅವಳು ಅರ ಹಾಕಿದಳು. ಗೊರಸಿನ ಚೂರು ನನ್ನ ಪಂಚೆಯ ಮೇಲೆ ಬಿತ್ತು.

"ನೆಟ್ಟಗಾಗಾಕಿಲ್ಲ ಅಯ್ಯಾ" ಅಂದಳು.

"ಗೊತ್ತು" ಅಂದೆ.

ಆಗಲೇ ಹೇಳಬೇಕಿತ್ತು. ಬಾಯಿಗೆ ಬಂದಿತ್ತು. ಮರಿ ಕಾಲು ಎಳೆದುಕೊಂಡಿತು, "ಗಟ್ಟಿ ಹಿಡ್ಕಳಿ" ಅಂದಳು, ಹಿಡಿದೆ, ಮಾತು ಹೋಯಿತು. ಇನ್ನು ಅವಳು ಬರುವುದು ಹದಿನೈದು ದಿನಕ್ಕೆ. ಆವತ್ತು ಕಾಲು ಹಿಡಿಯುವ ಮೊದಲೇ, ಅವಳು ಬುಟ್ಟಿ ಇಳಿಸುವಾಗಲೇ, ಸಣ್ಣಿ, ನಾನು ಆವತ್ತು ನಿನ್ನ ಅರ…