ಉಪ್ಪುನೀರು ಕುಡಿದ ಸಸಿ

೧೨-೮-೧೯೭೮, ಶನಿವಾರ

ಗದ್ದೆಯ ತುಂಬ ನೀರಿದ್ದರೂ ನಾಟಿ ಮಾಡಿದ ಭತ್ತ ಒಣಗುತ್ತಿದೆ. ಎಲೆಗಳೆಲ್ಲ ಸುರುಳಿ ಸುತ್ತಿಕೊಂಡಿವೆ. ಕಾಲುವೆ ನೀರಿನ ಪಾಳಿ ಬರುವ ತನಕ ತಾಳದೆ ಮಗ ಕಳಕಪ್ಪ ಮೇಲಿನ ಗದ್ದೆಗಳಿಂದ ಹಳ್ಳಕ್ಕೆ ಬಸಿದು ಬಂದ ನೀರು ಹಾಯಿಸಿದ್ದಾನೆ. ಸಿಟ್ಟು ಬಂತು. ಅದೇ ನೀರನ್ನು ಬೊಗಸೆಯಲ್ಲಿ ಹಿಡಿದು ಅವನ ಬಾಯಿಗೆ ಒಡ್ಡಿದೆ.

"ಕುಡಿ ಮಗನ!"

"ಥೂ, ಉಪ್ಪು ಐತೆಪ್ಪಾ!"

"ನಿನಗ ಉಗುಳಾಕ ಬಾಯಿ ಐತಿ. ಬೇರು ಎಲ್ಲಿ ಉಗುಳಬೇಕಲೇ?"

ಆ ನೀರನ್ನೆಲ್ಲ ಹೊರಗೆ ಬಿಟ್ಟು ಬಂದೆವು. ನಮ್ಮ ಪಾಳಿ ನಾಳೆ. ಅಲ್ಲಿಯವರೆಗೆ ಸಸಿ ಜೀವ ಹಿಡಿದಾವೋ ಇಲ್ಲವೋ. ಒಂದನ್ನು ಕಿತ್ತು ತಂದು ಸಿಹಿನೀರಿನ ತಂಬಿಗೆಯಲ್ಲಿಟ್ಟು ಕೂತಿದ್ದೇನೆ.

"ಮಕ್ಳಿಗೆ ಜ್ವರ ಬಂದಾಗ ಹಿಂಗ ಕುಂತಿರಲಿಲ್ಲ ನೀವು," ಅಂದಳು ಹೆಂಡತಿ ಹಂಪವ್ವ.

ಈಗ ಒಂದು ಎಲೆ ಬಿಚ್ಚಿಕೊಂಡಿದೆ. ಆದರೆ ರಾತ್ರಿಯ ತಂಪಿಗೆ ಗದ್ದೆಯವೂ ಬಿಚ್ಚಿಕೊಳ್ಳುತ್ತವೆ. ನಾಳೆ ಬಿಸಿಲೇರಿದ ಮೇಲೂ ಇದು ಹೀಗೇ ಬಿಚ್ಚಿಕೊಂಡಿದ್ದರೆ, ಸಿಹಿನೀರು ಸಿಕ್ಕರೆ ಗದ್ದೆಯವೂ ಉಳಿದಾವು.